ತಲೆ ಎತ್ತಬಾರದ ದಿನಗಳಲ್ಲಿ ಗದ್ವಾಲದ ಸರ್ವರ್

ತೆಲಂಗಾಣ ಬೇರೆ ರಾಜ್ಯವಾದ ಮೇಲಿನ ಮೊದಲ ಬೇಸಿಗೆಯಲ್ಲಿ ನಾರಾಯಣಪೇಟೆಯ ನಮ್ಮ ಮನೆಯ ನವಾರದ ಮಂಚಕ್ಕೆ ತಲೆಯ ಕಡೆ ಒಂದು ಕಂಡಿ ಬಿತ್ತು. ಒಂದು ಮುಖ ಹಿಡಿಯುವಷ್ಟು ಅಗಲ. ಹರಿದು ಬಿದ್ದ ಕಂಡಿಯಲ್ಲ. ನನ್ನ ಅತ್ತೆ ನೆಲದ ಮೇಲೆ ಕೂತು, ಬಿಗಿದ ಪಟ್ಟಿಗಳನ್ನು ಸಡಿಲಿಸಿ, ಅತ್ತಿತ್ತ ಸರಿಸಿ, ಅಂಚಿಗೆ ಹಳೆಯ ಸೀರೆ ಸುತ್ತಿ ಹೊಲಿದು ಮಾಡಿದ್ದು. ಆ ಕಂಡಿಯಲ್ಲಿ ಮುಖವಿಟ್ಟು ನನ್ನ ಗಂಡ ಬೋರಲು ಮಲಗಿದ್ದರು.

ಅವರ ಬಲಗಣ್ಣಿನ ಒಳಗಿನ ಪೊರೆ, ಹಸಿ ಗೋಡೆಯಿಂದ ಸುಣ್ಣ ಬಿಟ್ಟ ಹಾಗೆ, ಹಿಂದಿನಿಂದ ಬಿಟ್ಟುಕೊಂಡಿತ್ತು. ಹೈದರಾಬಾದಿನಲ್ಲಿ ಅದನ್ನು ಮತ್ತೆ ಅಂಟಿಸಿ, ಕಣ್ಣೊಳಗೆ ಗಾಳಿಯ ಒಂದು ಗುಳ್ಳೆ ತುಂಬಿ ಕಳಿಸಿದ್ದರು. ಗುಳ್ಳೆ ಯಾವಾಗಲೂ ಮೇಲಕ್ಕೆ ಹೋಗುತ್ತದೆ. ಅದು ಕಣ್ಣಿನ ಹಿಂಭಾಗವನ್ನು ಒತ್ತಿ ಹಿಡಿಯಬೇಕಾದರೆ ಮುಖ ಕೆಳಗಿರಬೇಕು. ಊಟ, ಸ್ನಾನ, ನಿದ್ದೆ, ಎಲ್ಲವೂ ತಲೆ ಬಗ್ಗಿಸಿಯೇ. ಪೊರೆ ಅಂಟುವ ಮೊದಲು ತಲೆ ಎತ್ತಿದರೆ ಏನಾಗುತ್ತದೆ ಎಂದು ನಾನು ಕೇಳಿದಾಗ ಡಾಕ್ಟರು ವಾಕ್ಯ ಮುಗಿಸಲಿಲ್ಲ. ಪೆನ್ನಿನ ಮುಚ್ಚಳ ಹಾಕಿದರು. ಇವರ ಎಡಗಣ್ಣು ಚಿಕ್ಕಂದಿನಿಂದಲೇ ಮಂದ. ಅದರಲ್ಲಿ ಬಾಗಿಲು ಎಲ್ಲಿದೆ ಎಂದು ಕಾಣುತ್ತದೆ, ಬಾಗಿಲಲ್ಲಿ ನಿಂತವರು ಯಾರು ಎಂದು ಕಾಣುವುದಿಲ್ಲ. ಅಂದರೆ ಇವರಿಗೆ ಇದ್ದದ್ದು ಒಂದೇ ಕಣ್ಣು. ಅದರ ಮೇಲೆ ಈಗ ಹತ್ತಿಯ ಬಿಳಿ ಪಟ್ಟಿ.

ಅತ್ತೆ ಮಂಚದ ಪಕ್ಕದಲ್ಲಿ ಒಂದು ಮಣೆ ಹಾಕಿಕೊಂಡು ಕಾವಲು ಕೂತರು. ಕೂತಲ್ಲೇ ಕಾಳು ಆರಿಸುವುದು, ಕೂತಲ್ಲೇ ತೂಕಡಿಸುವುದು. ಇವರ ಭುಜ ಅಲುಗಿದರೆ ಸಾಕು, "ತಲಿ!" ಎನ್ನುತ್ತಿದ್ದರು. ತೂಕಡಿಕೆಯಲ್ಲೂ "ತಲಿ!" ಎನ್ನುತ್ತಿದ್ದರು.

ಇವರ ಕೆಲಸವನ್ನು ನಾನು ಆವರೆಗೆ ನೆಂಟರಿಗೆ "ಕಂಪ್ಯೂಟರ್ ರಿಪೇರಿ" ಎಂದೇ ಹೇಳುತ್ತಿದ್ದೆ. ಅದು ರಿಪೇರಿಯಲ್ಲ ಎಂದು ಆ ಬೇಸಿಗೆಯಲ್ಲಿ ಕಲಿತೆ. ನೇಕಾರರ ಒಂದು ಸಂಘಕ್ಕೆ ನಾರಾಯಣಪೇಟೆ, ಮಕ್ತಲ್, ಗದ್ವಾಲ ಮೂರು ಕಡೆ ಕಚೇರಿಗಳಿದ್ದವು. ಮಕ್ತಲಿನವರು ನೂಲನ್ನು ಲಡಿಯ ಲೆಕ್ಕದಲ್ಲಿ ಬರೆಯುವವರು, ನಮ್ಮೂರಿನವರು ಸೀರೆಯನ್ನು ಬಿಡಿಬಿಡಿಯಾಗಿ, ಗದ್ವಾಲದವರು ಒಂದು ಹಾಸಿನಲ್ಲಿ ಇಷ್ಟು ಸೀರೆ ಎಂದು. ಮಗ್ಗಕ್ಕೆ ಉದ್ದಕ್ಕೆ ಬಿಗಿಯುವ ಎಳೆಗಳಿಗೆ ಇಲ್ಲಿ ಹಾಸು ಎನ್ನುತ್ತಾರೆ. ಈ ಮೂರು ಬಗೆಯ ಬರವಣಿಗೆಯನ್ನು ಸೋಸಿ, ಒಂದಕ್ಕೊಂದು ಹೊಂದಿಸಿ, ಒಂದೇ ರೂಪ ಮಾಡಿ ಮೇಲಕ್ಕೆ, ಸರ್ಕಾರದ ಇಲಾಖೆಗೆ, ಕಳಿಸಲು ಪ್ರತಿ ಕಚೇರಿಯಲ್ಲೂ ಸರ್ವರ್ ಎಂಬ ಒಂದು ಕಂಪ್ಯೂಟರ್ ಇತ್ತು. ಅಂಗಡಿಯಿಂದ ತಂದ ಸರ್ವರಿಗೆ ಲಡಿ ಗೊತ್ತಿಲ್ಲ, ಹಾಸು ಗೊತ್ತಿಲ್ಲ. ಅದನ್ನು ತಿಳಿಸಿಕೊಡುವ ಚಿಕ್ಕ ಚಿಕ್ಕ ತುಂಡುಗಳನ್ನು ಇವರೇ ಬರೆದು ಅದರೊಳಗೆ ಕೂರಿಸುತ್ತಿದ್ದರು. ಕಾಂಪೊನೆಂಟ್ ಎನ್ನುತ್ತಿದ್ದರು. ನಾನು ಮನಸ್ಸಿನಲ್ಲಿ ಒಗ್ಗರಣೆ ಎಂದುಕೊಳ್ಳುತ್ತಿದ್ದೆ. ಬೇಳೆ ಎಲ್ಲರ ಮನೆಯದೂ ಒಂದೇ, ಒಗ್ಗರಣೆ ಅವರವರದು.

ರಾಜ್ಯ ಎರಡಾದಾಗ ರಾಜ್ಯದ ಹೆಸರು, ಅದರ ಸಂಕೇತ ಎಲ್ಲವೂ ಬದಲಾದವು. ಬಸ್ಸಿನ ಮೈಮೇಲಿನ ಅಕ್ಷರ ಬದಲಾಯಿತು, ಅಂಗಡಿಯ ಬೋರ್ಡುಗಳಲ್ಲಿ ಹಳೆಯ ಹೆಸರಿನ ಮೇಲೆ ಬಣ್ಣ ಬಳಿದರು. ಇವರ ತುಂಡುಗಳೂ ಬದಲಾಗಬೇಕಿತ್ತು. ಮಾರ್ಚ್ ಮುಗಿದ ಮೇಲೆ ಹಳೆಯ ಹೆಸರಿನಲ್ಲಿ ಕಳಿಸಿದ ಯಾವುದನ್ನೂ ಮೇಲಿನವರು ತೆಗೆದುಕೊಳ್ಳುವುದಿಲ್ಲ ಎಂದಿದ್ದರು. ಇವರು ಹೊಸ ತುಂಡುಗಳನ್ನೆಲ್ಲ ಬರೆದು, ಒಂದು ಪೆನ್‌ಡ್ರೈವಿನಲ್ಲಿ ಹಾಕಿ ಮುಗಿಸಿದ್ದರು. ಕೂರಿಸುವುದೊಂದೇ ಬಾಕಿ. ಅಷ್ಟರಲ್ಲಿ ಒಂದು ಬೆಳಿಗ್ಗೆ ಚಹಾ ಕುಡಿಯುತ್ತ, "ಬಲಗಡೆ ಯಾರೋ ಪರದೆ ಇಳಿಸ್ಯಾರ ನೋಡು" ಎಂದರು. ಬಲಗಡೆ ಪರದೆ ಇರಲಿಲ್ಲ. ಕಿಟಕಿ ಇತ್ತು, ಬಿಸಿಲಿತ್ತು.

ಹೀಗೆ ಮಂಚ ಹಿಡಿದವರಿಗೆ ಮಾರ್ಚ್ ಕಳೆಯುತ್ತ ಬಂದಂತೆ ಸಮಾಧಾನ ಹೋಯಿತು. ಕಂಡಿಯ ಕೆಳಗೆ ನೆಲದ ಮೇಲೆ ಇಟ್ಟಿದ್ದ ಫೋನು ದಿನವೂ ಗುಣುಗುಟ್ಟುತ್ತಿತ್ತು. ಸಂಘದವರು ಒಳ್ಳೆಯವರೇ. "ಆರಾಮಾಗ್ರಿ ಸಾರ್, ಮೊದಲು ಕಣ್ಣು," ಎಂದು ಶುರು ಮಾಡಿ, "ಆದ್ರೂ ಯಾವಾಗ ಬರ್ತೀರಿ?" ಎಂದು ಮುಗಿಸುತ್ತಿದ್ದರು.

ಒಂದು ದಿನ ಇವರು ನೆಲಕ್ಕೆ ಹೇಳಿದರು, "ಒಂದು ದಿನದಾಗ ಹೋಗಿ ಬರ್ತೀನಿ. ಬಸ್ಸಿನಾಗ ತಲಿ ಬಗ್ಗಿಸಿಕೊಂಡೇ ಕುಂದ್ರತೀನಿ."

"ಮದಲಗಿತ್ತಿಯಂಗ ಹೊಂಟಿಯೇನಪಾ?" ಎಂದರು ಅತ್ತೆ, ಕಾಳಿನಿಂದ ಕಣ್ಣೆತ್ತದೆ. "ಹಂಗಾರ ನಾನೂ ಬರ್ಲೇನು, ಆರತಿ ತಟ್ಟಿ ಹಿಡಕೊಂಡು?"

"ನಗಿಸಬ್ಯಾಡ ಯವ್ವಾ. ನಕ್ಕರ ಕುತ್ತಿಗಿ ನೋಯತೈತಿ."

"ಅಳೋದಕ್ಕಿಂತ ಛಲೋ ಐತಿ."

ತಾಯಿ ಮಗ ನಗುತ್ತಿದ್ದರೂ ಅತ್ತೆಯ ಬೆರಳು ಕಾಳಿನಲ್ಲಿ ನಿಂತೇಹೋಗಿದ್ದನ್ನು ನಾನು ನೋಡಿದೆ. ಮಗ ಹೊರಟರೆ ತಡೆಯುವ ಬಲ ತಮಗಿಲ್ಲ ಎಂದು ಅವರಿಗೆ ಗೊತ್ತಿತ್ತು. ನನಗೂ ಗೊತ್ತಿತ್ತು. ಮೂರು ಕಚೇರಿಯ ಕೆಲಸ ಬಾಕಿ ಇರುವವರೆಗೆ ಆ ಕುತ್ತಿಗೆ ಯಾವಾಗ ಬೇಕಾದರೂ ಮೇಲೇಳಬಹುದು. ಅದಕ್ಕೇ, ಒಲೆಯ ಮೇಲೆ ಹಾಲು ಇಟ್ಟಿದ್ದೇನೆಂಬುದನ್ನೂ ಮರೆತು, "ನಾನು ಹೋಗಿ ಬರ್ತೀನ್ರಿ" ಎಂದುಬಿಟ್ಟೆ. ಹಾಲು ಉಕ್ಕಿತು.

ನಾನು ಓದಿದ್ದು ರಾಯಚೂರಿನ ಒಂದು ಕಾನ್ವೆಂಟಿನಲ್ಲಿ. ಅಲ್ಲಿ ನಮಗೆ ಇಂಗ್ಲಿಷ್ ಓದಿಸುತ್ತಿದ್ದ ಸಿಸ್ಟರ್ ಒಬ್ಬರಿಗೆ ಅಕ್ಷರಗಳಿಗಿಂತ ಚುಕ್ಕೆಗಳ ಮೇಲೆ ಕಾಳಜಿ. ಗಟ್ಟಿಯಾಗಿ ಓದುವಾಗ ಕಾಮಾ ಬಂದರೆ ಕಾಮಾ ಎನ್ನಬೇಕು, ಫುಲ್‌ಸ್ಟಾಪ್ ಬಂದರೆ ಫುಲ್‌ಸ್ಟಾಪ್ ಎನ್ನಬೇಕು. ಕಾಗದದ ಮೇಲೆ ಇರುವುದನ್ನು ನುಂಗುವ ಹಕ್ಕು ನಿಮಗೆ ಯಾರು ಕೊಟ್ಟರು ಎಂದು ಕೇಳುತ್ತಿದ್ದರು. ಮದುವೆಯಾಗಿ ಬಂದ ಮೇಲೆ ಆ ಇಂಗ್ಲಿಷು ಔಷಧದ ಬಾಟಲಿ, ಹಾಲಿನ ಪುಡಿಯ ಡಬ್ಬಿ ಓದುವುದಕ್ಕೆ ಸಾಕಾಗಿತ್ತು. ಈಗ ಅದನ್ನು ಹೊರಗೆ ತೆಗೆಯಬೇಕಾಗಿ ಬಂತು.

ಇವರು ಕಲಿಸಿದರು. ನಾನು ಮಂಚದ ಪಕ್ಕದಲ್ಲಿ ಲ್ಯಾಪ್‌ಟಾಪ್ ಇಟ್ಟುಕೊಂಡು ಕೂತೆ, ಅವರು ನೆಲ ನೋಡುತ್ತ ಹೇಳಿದರು. ಬ್ಯಾಚ್ ಸ್ಕ್ರಿಪ್ಟ್ ಎಂದರೆ ಅಪ್ಪಣೆಗಳನ್ನು ಒಂದರ ಕೆಳಗೊಂದು ಬರೆದಿಟ್ಟ ಒಂದು ಫೈಲು. ಅದನ್ನು ಓಡಿಸಿದರೆ ಯಂತ್ರ ತಾನೇ ಒಂದೊಂದಾಗಿ ಮಾಡಿಕೊಂಡು ಹೋಗುತ್ತದೆ. ಮೊದಲು ಸರ್ವರನ್ನು ನಿಲ್ಲಿಸು. ಅದರ ಫೋಲ್ಡರಿನಿಂದ ಹಳೆಯ ತುಂಡು ತೆಗೆ. ಹೊಸ ತುಂಡು ಇಡು. ಸರ್ವರನ್ನು ಮತ್ತೆ ಶುರು ಮಾಡು.

"ಇಷ್ಟೇ ಆದ್ರ ನೀವು ಯಾಕ ಊರೂರು ತಿರಗ್ತಿದ್ರಿ?" ಎಂದೆ.

"ನಿಲ್ಲಸೋದು ಯಾರಿಗೂ ಬರ್ತೈತಿ," ಎಂದರು. "ನಿಂತಿದ್ದು ಮತ್ತ ಏಳಲಿಲ್ಲಂದ್ರ ಏನು ಮಾಡಬೇಕು ಅನ್ನೋದಕ್ಕ ತಿರಗತಿದ್ದೆ."

ನಾನು ಆ ಫೈಲನ್ನು ಮೊದಲ ಸಾಲಿನಿಂದ ಮತ್ತೆ ಓದಿದೆ.

ನಮ್ಮೂರಿನ ಕಚೇರಿ ಸಲೀಸಾಗಿ ಆಯಿತು. ಕಪ್ಪು ಕಿಟಕಿಯೊಂದು ತೆರೆದು, ಅದರಲ್ಲಿ ಬಿಳಿ ಅಕ್ಷರಗಳು ಬಂದವು. ನಾನು ಫೋನಿನಲ್ಲಿ ಪ್ರತಿ ಸಾಲನ್ನೂ ಚುಕ್ಕೆ ಸಮೇತ ಓದಿದೆ. ಸರ್ವರ್ ಎದ್ದಿತು. ಅಷ್ಟಾದರೂ ಮನೆಗೆ ಬಂದಾಗ ನನ್ನ ಕುಪ್ಪಸದ ಬೆನ್ನು ಒದ್ದೆಯಾಗಿತ್ತು.

ಮಕ್ತಲಿಗೆ ಬಸ್ಸಿನಲ್ಲಿ ಹೋದೆ. ಪಕ್ಕದಲ್ಲಿ ಕೂತ ಕುರುಬರ ಮುದುಕನ ಹಣೆಯ ತುಂಬ ಭಂಡಾರದ ಅರಿಶಿನ, ಕಂಬಳಿಯೊಳಗೆ ಒಂದು ಮರಿ. ನಾನು ಪೆನ್‌ಡ್ರೈವನ್ನು ಕರವಸ್ತ್ರದಲ್ಲಿ ಗಂಟು ಕಟ್ಟಿ ಮುಷ್ಟಿಯಲ್ಲಿ ಹಿಡಿದಿದ್ದೆ. "ಏನವಾ, ಬಂಗಾರೇನು?" ಎಂದ. "ಅಲ್ರಿ ಕಾಕಾ." "ಮತ್ತ ಹಂಗ್ಯಾಕ ಹಿಡದೀಯವಾ? ನನ್ನ ಮರಿ ನೋಡು, ಸಡ್ಲ ಹಿಡದೀನಿ, ಎಲ್ಲಿಗೂ ಹೋಗಾಂಗಿಲ್ಲ." ನಾನು ನಕ್ಕೆ. ಮುಷ್ಟಿ ಸಡಿಲಿಸಲಿಲ್ಲ.

ಮಕ್ತಲಿನಲ್ಲಿ ಕಪ್ಪು ಕಿಟಕಿ ತೆರೆದ ಕೂಡಲೇ 'ಆಕ್ಸೆಸ್ ಈಸ್ ಡಿನೈಡ್' ಎಂದಿತು. ಬಾಗಿಲಲ್ಲಿ ನಿಲ್ಲಿಸಿ ಯಾರೋ ಬೈದ ಹಾಗಾಯಿತು. ನಾನು ಓದಿ ಹೇಳಿದ್ದೇ ತಡ, ಆ ಕಡೆ ಮಂಚ ಕಿರುಗುಟ್ಟಿದ್ದು ಕೇಳಿಸಿತು, ಅದರ ಹಿಂದೆಯೇ "ತಲಿ!"

"ಎದ್ದಿಲ್ಲವ್ವಾ, ಅಲುಗೀನಷ್ಟ," ಎಂದರು ಇವರು. ನನಗೆ, "ಹೆದರಬ್ಯಾಡ. ಆ ಫೈಲಿನ ಮ್ಯಾಲ ಮೌಸಿನ ಬಲಗಡಿ ಒತ್ತು. ಅಡ್ಮಿನಿಸ್ಟ್ರೇಟರ್ ಅಂತ ಬರ್ತೈತಿ, ಅದನ್ನ ಒತ್ತು. ಯಜಮಾನರ ಹೆಸರು ಹೇಳಿ ಒಳಗ ಹೋದಂಗ."

ಹೋದೆ. ಆಯಿತು. ಆದರೆ ಬಸ್ ನಿಲ್ದಾಣಕ್ಕೆ ಬರುವಾಗ ನಾನು ಸರ್ವರಿನ ಬಗ್ಗೆ ಯೋಚಿಸುತ್ತಿರಲಿಲ್ಲ. ಆ ಕಿರುಗುಟ್ಟಿದ ಸದ್ದಿನ ಬಗ್ಗೆ ಯೋಚಿಸುತ್ತಿದ್ದೆ. ನಾನು ಓದುವ ಒಂದೊಂದು ಕೆಟ್ಟ ಸಾಲೂ ಅವರ ತಲೆಯನ್ನು ಮೇಲಕ್ಕೆ ಎಳೆಯುತ್ತದೆ. ಹೋಗಿದ್ದು ಆ ತಲೆ ಕೆಳಗಿರಲಿ ಎಂದು. ಓದದೆ ಹೋದರೆ ಕೆಲಸವಾಗುವುದಿಲ್ಲ, ಓದಿದರೆ ಕಣ್ಣಿಗೆ ಅಪಾಯ.

ಗದ್ವಾಲಕ್ಕೆ ಹೋಗುವ ದಿನ ಬೆಳಿಗ್ಗೆ ಇವರಿಗೆ ಊಟ ಮಾಡಿಸಿ ಹೊರಟೆ. ಮಂಚದ ಕೆಳಗೆ ಅಂಗಾತ ಸರಿದು, ಮೇಲಿರುವ ಬಾಯಿಗೆ ತುತ್ತು ಕೊಡಬೇಕು. ಮೊದಲ ದಿನ ನನ್ನ ಮುಖದ ಮೇಲೆಲ್ಲ ಅನ್ನ ಬಿದ್ದಿತ್ತು, ಈಗ ಕೈ ಪಳಗಿತ್ತು. ಕಂಡಿಯಲ್ಲಿ ಅವರ ಮುಖ ಊದಿಕೊಂಡು ಬೇರೆ ಯಾರದೋ ಮುಖದ ಹಾಗೆ ಕಾಣುತ್ತಿತ್ತು. "ಗದ್ವಾಲದ ಮ್ಯಾನೇಜರು ನಂಬಿಗಸ್ಥ ಮನಿಷಾ," ಎಂದರು. "ಭಾಳ ಹುಷಾರಿ. ಯಾವುದನ್ನೂ ಹಾಳು ಮಾಡಾಂಗಿಲ್ಲ." ಆ ಹುಷಾರಿತನವೇ ನಮ್ಮ ಕುತ್ತಿಗೆಗೆ ಬರುತ್ತದೆಂದು ಇಬ್ಬರಿಗೂ ಗೊತ್ತಿರಲಿಲ್ಲ.

ಕಚೇರಿ ಸೀರೆ ಅಂಗಡಿಯೊಂದರ ಮೇಲಿನ ಅಟ್ಟದಲ್ಲಿತ್ತು. ಬಾಗಿಲ ಬೋರ್ಡಿನಲ್ಲಿ ರಾಜ್ಯದ ಹೆಸರಿಗೆ ಹೊಸ ಬಣ್ಣ ಬಳಿದಿದ್ದರೂ ಬಿಸಿಲು ಬಿದ್ದಾಗ ಹಳೆಯ ಅಕ್ಷರಗಳು ಒಳಗಿನಿಂದ ಉಬ್ಬಿ ಕಾಣುತ್ತಿದ್ದವು. ಸರ್ವರಿಗೆ ಹತ್ತಿಯ ಮೈ, ರೇಷ್ಮೆಯ ಅಂಚಿನ ಸೀರೆ ತುಂಡಿನ ಮುಸುಕು ಹಾಕಿದ್ದರು. ಅದರ ನೆತ್ತಿಯ ಮೇಲೆ ದಸರೆಯ ಕುಂಕುಮ ಇನ್ನೂ ಇತ್ತು.

ಮ್ಯಾನೇಜರಿಗೆ ಐವತ್ತು ದಾಟಿದ ವಯಸ್ಸು. ಮಗ್ಗದ ಮನೆಯವರು, ಮಾತಿನಲ್ಲಿ ಕನ್ನಡ ತೆಲುಗು ಎರಡೂ ಕಲೆತು ಬರುತ್ತಿದ್ದವು. "ಬರ್ರಿ ಅಕ್ಕಾ, ಕೂಚೋಂಡಿ," ಎಂದು ಕುರ್ಚಿ ಎಳೆದರು. "ಅಣ್ಣ ಹೆಂಗದಾರ? ಇನ್ನೂ ನೆಲಾನೇ ನೋಡಾಕತ್ತಾರೇನು?"

"ಹೌದ್ರಿ."

"ಪಾಪಂ. ಆದ್ರ ಫಿಕರ್ ಮಾಡಬ್ಯಾಡ್ರಿ. ನಾವು ಮಗ್ಗದವರು ಹುಟ್ಟಿದಾಗಿನಿಂದ ತಲಿ ಬಗ್ಗಿಸೇ ಕುಂತೀವಿ. ನಮಗೇನಾಗೇತಿ ಹೇಳ್ರಿ? ಜರಾ ಗೂನು ಬಂದೈತಿ, ಅಷ್ಟ."

ಮನೆಗೆ ಫೋನು ಹಚ್ಚಿ, ಮೇಜಿನ ಮೇಲೆ ಸ್ಪೀಕರಿನಲ್ಲಿಟ್ಟೆ. ಪೆನ್‌ಡ್ರೈವ್ ಗಂಟು ಬಿಚ್ಚಿ ಚುಚ್ಚಿದೆ. ಮೌಸಿನ ಬಲಗಡೆ ಒತ್ತಿ, ಯಜಮಾನರ ಹೆಸರು ಹೇಳಿ ಒಳಗೆ ಹೋದೆ. ಸರ್ವರ್ ನಿಂತಿತು. ಹಳೆಯ ತುಂಡು ಹೋಯಿತು. ಹೊಸದು ಬಂದು ಕೂತಿತು. ಓದುತ್ತಲೇ ಇದ್ದೆ. ಆಗ ತಲೆಯ ಮೇಲಿನ ಫ್ಯಾನು ನಿಧಾನವಾಯಿತು. ಕರೆಂಟು ಹೋಗಿತ್ತು. ಮೇಜಿನ ಕೆಳಗಿನ ಯುಪಿಎಸ್ ಕೀಂ ಕೀಂ ಎನ್ನತೊಡಗಿತು.

"ಏನದು ಸದ್ದು?" ಎಂದರು ಇವರು.

"ಏನಿಲ್ರಿ. ಕರೆಂಟು."

"ಓದು, ಓದು. ಎಲ್ಲಿಗೆ ಬಂತು?"

"ಸ್ಟಾರ್ಟಿಂಗ್ ಅಂತ ಬಂದೈತಿ. ಅದರ ಮುಂದ ಚುಕ್ಕಿ ಬರಾಕತ್ತಾವ. ಚುಕ್ಕಿ. ಚುಕ್ಕಿ. ಚುಕ್ಕಿ."

ಹಿಂದಿನ ಎರಡು ಕಡೆ ಇಷ್ಟು ಚುಕ್ಕೆಗಳು ಬಂದಿರಲಿಲ್ಲ. ಒಂದು ಸಾಲು ತುಂಬಿ ಎರಡನೆಯ ಸಾಲಿಗೆ ಬಂದವು. ಆಮೇಲೆ ಒಂದು ಸಾಲು ಬಂತು: ಶುರು ಮಾಡಲಾಗಲಿಲ್ಲ.

ಆ ಸಾಲನ್ನು ತಕ್ಷಣ ಓದಲಿಲ್ಲ. ಆ ಒಂದು ಉಸಿರಿನಷ್ಟು ಹೊತ್ತಿನಲ್ಲಿ ಎಷ್ಟೊಂದು ಯೋಚಿಸಿದೆ. ಆಯಿತು ಎಂದುಬಿಡಲೇ? ಮನೆಗೆ ಹೋಗಿ, ಕಣ್ಣು ವಾಸಿಯಾದ ಮೇಲೆ ಹೇಳಲೇ? ಆದರೆ ಹಳೆಯದೂ ಹೋಗಿದೆ, ಹೊಸದೂ ನಡೆಯುತ್ತಿಲ್ಲ, ಗದ್ವಾಲದ ಯಂತ್ರ ಹೆಣದಂತೆ ಬಿದ್ದಿದೆ. ಇನ್ನು ಸ್ವಲ್ಪ ಹೊತ್ತಿಗೆ ಮ್ಯಾನೇಜರೇ ಫೋನು ಮಾಡುತ್ತಾರೆ, ಆಗ ಇವರು ಎದ್ದೇ ಏಳುತ್ತಾರೆ. ಸಿಸ್ಟರ್ ಹೇಳಿದ್ದೂ ನೆನಪಾಯಿತು, ಇರುವುದನ್ನು ನುಂಗುವ ಹಕ್ಕು ನಿನಗೆ ಯಾರು ಕೊಟ್ಟರು.

"ಶುರು ಆಗಿಲ್ರಿ," ಎಂದೆ.

ಮಂಚ ಕಿರುಗುಟ್ಟಿತು. ಈ ಸಲ ಸಣ್ಣ ಸದ್ದಲ್ಲ. ಲೋಟವೊಂದು ಉರುಳಿತು. "ಜೀಪು ಕರೀ ಯವ್ವಾ, ನಾನೇ ಹೋಗ್ತೀನಿ. ಸಂಜಿಯೊಳಗ ಬರ್ತೀನಿ."

"ಏಯ್! ತಲಿ! ತಲಿಯೋ! ನಿನಗ ಕೈ ಮುಗೀತೀನಿ!" ಅತ್ತೆಯ ದನಿ ಒಡೆದು ಬಂತು. ಅವರು ಮಗನಿಗೆ ಕೈ ಮುಗಿದದ್ದನ್ನು ನಾನು ಅದುವರೆಗೆ ಕೇಳಿರಲಿಲ್ಲ.

ನನಗೆ ಆ ದನಿ ಎಲ್ಲಿಂದ ಬಂತೋ. ನಾನು ಜೋರಾಗಿ ಮಾತಾಡಿ ಅಭ್ಯಾಸವಿರುವವಳಲ್ಲ. "ರೀ, ಕೇಳ್ರಿ ಇಲ್ಲಿ. ನೀವು ಎದ್ರಂದ್ರ ನಾನು ಫೋನ್ ಕಟ್ ಮಾಡಿ ಬಸ್ ಹತ್ತತೀನಿ. ಒಂದಕ್ಷರ ಓದಾಂಗಿಲ್ಲ. ಮಲಗಿದ್ರ ಓದ್ತೀನಿ. ಎಲ್ಲಾ ಓದ್ತೀನಿ."

ಆ ಕಡೆ ಸದ್ದು ನಿಂತಿತು. ಮ್ಯಾನೇಜರು ಗೋಡೆಯ ಕಡೆ ತಿರುಗಿ ಕ್ಯಾಲೆಂಡರ್ ನೋಡುತ್ತಿರುವಂತೆ ನಟಿಸಿದರು. ಯುಪಿಎಸ್ ಕೀಂ ಎನ್ನುತ್ತಿತ್ತು.

"ಅತ್ತೀ," ಎಂದೆ, "ಮಲಗ್ಯಾರೇನ್ರಿ?"

"ಮಲಗ್ಯಾನ. ಹೆಗಲ ಮ್ಯಾಲ ಎರಡೂ ಕೈ ಇಟ್ಟು ಕುಂತೀನಿ. ನೀ ಓದವಾ."

ಇವರ ದನಿ ಈಗ ನವಾರದ ಒಳಗಿನಿಂದ, ದೂರದಿಂದ ಬಂದ ಹಾಗೆ ಬಂತು. "ತುಂಡುಗಳಿರೋ ಫೋಲ್ಡರ್ ತೆಗಿ. ಒಳಗ ಏನೇನು ಅದಾವ, ಹೆಸರು ಓದು. ಒಂದೂ ಬಿಡಬ್ಯಾಡ."

ಓದತೊಡಗಿದೆ. ಒಂದೊಂದು ಹೆಸರೂ ಅಡ್ಡಗೆರೆ, ಚುಕ್ಕೆ, ಬಾಲ ಸಮೇತ. ಇವರು ಹ್ಞೂಂ, ಹ್ಞೂಂ ಎನ್ನುತ್ತಿದ್ದರು. ಹೊಸ ತುಂಡಿನ ಹೆಸರು ಬಂತು, ಹ್ಞೂಂ ಎಂದರು. ಕೊನೆಯಲ್ಲಿ ಇನ್ನೊಂದಿತ್ತು. ಹಳೆಯ ತುಂಡಿನದೇ ಹೆಸರು, ಮುಂದೆ 'ಪಾತ' ಎಂದು ಇಂಗ್ಲಿಷ್ ಅಕ್ಷರಗಳಲ್ಲಿ ಸೇರಿಸಿತ್ತು. ತೆಲುಗಿನಲ್ಲಿ ಹಾಗೆಂದರೆ ಹಳೆಯದು.

"ನಿಲ್ಲು," ಎಂದರು. "ಅದು ಅಲ್ಲಿ ಹೆಂಗ ಬಂತು? ನಾನು ಇಟ್ಟಿಲ್ಲ."

ನಾನು ಮ್ಯಾನೇಜರ ಕಡೆ ನೋಡಿದೆ. ಅವರ ಮುಖದಲ್ಲಿ ಅಳುಕೇ ಇರಲಿಲ್ಲ. ಒಳ್ಳೆಯ ಕೆಲಸ ಮಾಡಿದವರ ಮುಖ. "ನಾನೇ ಇಟ್ಟೀನಿ ಅಕ್ಕಾ. ಮುಂಜಾನಿ ನೀವು ಬರೋಕಿಂತ ಮುಂಚೆ. ಹಳೇದನ್ನ ಪೂರಾ ತೆಗದು ಒಗೀತಾರೇನು ಯಾರಾದ್ರೂ? ಅದಕ್ಕ ಒಂದು ನಕಲು ಮಾಡಿ, ಪಾತ ಅಂತ ಹೆಸರು ಕೊಟ್ಟು, ಅದರ ಬಾಜೂಕ ಇಟ್ಟೆ."

"ಯಾಕ್ರಿ?"

ಯಾಕೆ ಎಂದು ಕೇಳಿದ್ದೇ ಅವರಿಗೆ ಆಶ್ಚರ್ಯ. ಮೇಜಿನ ಮೇಲೆ ಎರಡೂ ಕೈಯ ಬೆರಳುಗಳನ್ನು ಎದುರುಬದುರು ಹಿಡಿದು ತೋರಿಸಿದರು. ಮಗ್ಗದಲ್ಲಿ ಒಂದು ಹಾಸು ನೇಯ್ದು ಮುಗಿದಾಗ ಕೊನೆಯವರೆಗೆ ಕತ್ತರಿಸುವುದಿಲ್ಲವಂತೆ. ಗೇಣುದ್ದದ ಹಳೆಯ ಎಳೆಗಳನ್ನು ಬಾಚಣಿಗೆಯಂಥ ಫಣಿಯ ಹಲ್ಲುಗಳಲ್ಲಿ ಹಾಗೇ ಉಳಿಸುತ್ತಾರೆ. ಹೊಸ ಹಾಸಿನ ಒಂದೊಂದು ಎಳೆಯನ್ನೂ ಹಳೆಯದರ ತುದಿಗೆ ಬೂದಿ ಹಚ್ಚಿ ಹೊಸೆದು ಕೂಡಿಸುತ್ತಾರೆ. ಆಮೇಲೆ ಹಳೆಯದನ್ನು ಎಳೆದರೆ ಹೊಸದು ತಾನೇ ಅದರ ಹಿಂದೆ ಹಲ್ಲು ದಾಟಿ ಬರುತ್ತದೆ.

"ಹಳೇದು ಪೂರಾ ತೆಗದ್ರ ಹೊಸದಕ್ಕ ದಾರಿ ಯಾರು ತೋರಸತಾರ ಅಕ್ಕಾ? ನಮ್ಮಪ್ಪ ಅಂತೂ ಖಾಲಿ ಫಣಿ ನೋಡಿದ್ರ ಕೋಲು ತಗೋತಿದ್ದ."

ಫೋನಿನಿಂದ ಒಂದು ಸದ್ದು ಬಂತು. ಮೊದಲು ಇವರು ಅಳುತ್ತಿದ್ದಾರೆ ಎಂದುಕೊಂಡೆ. ನಗುತ್ತಿದ್ದರು. ಆಪರೇಷನ್ ಆದ ಮೇಲೆ ಅಷ್ಟು ನಕ್ಕಿರಲಿಲ್ಲ. "ಅಲುಗಬ್ಯಾಡ!" ಎಂದರು ಅತ್ತೆ.

"ಮ್ಯಾನೇಜರ್‌ಗೆ ಹೇಳು," ಎಂದರು ಇವರು, ಉಸಿರು ಹಿಡಿದುಕೊಂಡು. "ಮಗ್ಗಕ್ಕ ಅದು ಖರೇ. ಈ ಸರ್ವರ್ ಹೆಸರು ಗಿಸರು ನೋಡಾಂಗಿಲ್ಲ, ಆ ಫೋಲ್ಡರಿನಾಗ ಏನಿದ್ರೂ ಎಲ್ಲಾನೂ ಎತ್ತಿಕೊಂತೈತಿ. ಒಂದೇ ಕೆಲಸಕ್ಕ ಇಬ್ಬರು ಬಂದು ನಿಂತಾರ. ಯಾರ ಮಾತು ಕೇಳಬೇಕು ಅಂತ ತಿಳೀದ ಕುಂತುಬಿಟ್ಟೈತಿ. ಹಳೇದನ್ನ ಅಳಿಸಿಬಿಡು."

ಮ್ಯಾನೇಜರು ಮೌಸಿನ ಮೇಲೆ ಕೈ ಅಡ್ಡ ಇಟ್ಟರು. "ಅಳಿಸೋದು ಬ್ಯಾಡ ಅಕ್ಕಾ. ಅದೊಂದು ಹೇಳಬ್ಯಾಡ್ರಿ. ಈಗಾಗಲೇ ಅದು ಏಳವಲ್ದು, ಹಳೇದೂ ಇಲ್ಲಂದ್ರ ನಾನು ಯಾರ ಮುಖ ನೋಡಲಿ?"

ಅಡ್ಡ ಇಟ್ಟ ಕೈ ತೆಗೆಯಲಿಲ್ಲ. ಆಗ ತಿಳಿಯಿತು, ಅಷ್ಟು ಹೊತ್ತೂ ಹೆದರಿದವಳು ನಾನೊಬ್ಬಳೇ ಅಲ್ಲ. ಯುಪಿಎಸ್‌ನ ಸದ್ದು ಬಿರುಸಾಗಿತ್ತು. ವಾದಕ್ಕೆ ಹೊತ್ತಿರಲಿಲ್ಲ.

"ಅಳಸೋದು ಬ್ಯಾಡ್ರಿ ಅಣ್ಣಾ," ಎಂದೆ. "ಮನಿಯಾಗ ಹಳೇ ಹಾಸಿಗಿ ಹೊರಗ ಒಗೀತೀವೇನು? ಅಟ್ಟಕ್ಕ ಹಾಕ್ತೀವಿ. ಇದನ್ನೂ ಬ್ಯಾರೆ ಕಡೆ ಇಡೋಣು. ಸರ್ವರ್ ಕಣ್ಣಿಗೆ ಬೀಳದಂಗ."

ಅವರು ಯೋಚಿಸಿ, ಕೈ ತೆಗೆದರು. 'ಪಾತ' ಎಂಬ ಆ ಫೈಲನ್ನು ಹಿಡಿದೆಳೆದು, ಯಂತ್ರದ ಇನ್ನೊಂದು ಭಾಗದಲ್ಲಿ ಹಬ್ಬದ ಫೋಟೋಗಳಿದ್ದ ಫೋಲ್ಡರಿಗೆ ಹಾಕಿದೆ. ಎಲ್ಲಿಟ್ಟೆ ಎಂದು ಅವರಿಗೆ ಎರಡು ಸಲ ತೋರಿಸಿದೆ. ಆಮೇಲೆ ಸ್ಕ್ರಿಪ್ಟನ್ನು ಮತ್ತೆ ಓಡಿಸಿದೆ.

"ಸ್ಟಾರ್ಟಿಂಗ್," ಎಂದೆ. "ಚುಕ್ಕಿ. ಚುಕ್ಕಿ."

ಮ್ಯಾನೇಜರು ನನ್ನ ಹೆಗಲ ಮೇಲಿಂದ ಕಪ್ಪು ಕಿಟಕಿಯ ಕಡೆ ಬಗ್ಗಿದರು.

"ಸ್ಟಾರ್ಟೆಡ್ ಸಕ್ಸೆಸ್‌ಫುಲಿ. ಫುಲ್‌ಸ್ಟಾಪ್."

ಮ್ಯಾನೇಜರು ಯಂತ್ರದ ನೆತ್ತಿಯ ಕುಂಕುಮ ಮುಟ್ಟಿ ಕಣ್ಣಿಗೆ ಒತ್ತಿಕೊಂಡರು. ಯುಪಿಎಸ್ ಇನ್ನೇನು ಸಾಯುತ್ತದೆ ಅನ್ನುವಾಗ ಕರೆಂಟು ಬಂತು. ಬಣ್ಣದ ಅಂಗಡಿಯವರ ಕ್ಯಾಲೆಂಡರ್ ಫ್ಯಾನಿನ ಗಾಳಿಗೆ ಹಾರಾಡಿತು. ನನಗೆ ಚಹಾ ತರಿಸಿದರು. ಲೋಟ ಹಿಡಿಯಲಾಗದೆ ಮೇಜಿನ ಮೇಲೇ ಇಟ್ಟು, ಬಗ್ಗಿ ಕುಡಿದೆ.

ವಾಪಸು ಬರುವಾಗ ಬಸ್ಸು ಜೂರಾಲ ಅಣೆಕಟ್ಟೆಯ ಮೇಲೆ ಹೊರಟಿತು. ಕೆಳಗೆ ಕೃಷ್ಣೆಯಲ್ಲಿ ನೀರಿಗಿಂತ ಬಂಡೆಗಳೇ ಹೆಚ್ಚು. ಗೆದ್ದು ಬರುತ್ತಿರುವವಳ ಹಾಗೆ ನನಗೆ ಅನಿಸಲಿಲ್ಲ. ಆ ದೊಡ್ಡ ಕಿರುಗುಟ್ಟುವಿಕೆ ಕಿವಿಯಲ್ಲೇ ಇತ್ತು. ಎಷ್ಟು ಎತ್ತಿದರು? ಕಂಡಿಯಿಂದ ಹಣೆ ಹೊರಗೆ ಬಂದಿತೇ? ಎದ್ದೇ ಕೂತಿದ್ದರೇ? ಆ ಗುಳ್ಳೆ ಎಷ್ಟು ಅಲುಗಾಡಿದರೆ ಸರಿದಂತೆ? ಡಾಕ್ಟರು ಪೆನ್ನಿನ ಮುಚ್ಚಳ ಹಾಕಿದ್ದು ಕಣ್ಣ ಮುಂದೆ ಬಂತು.

ಮನೆಗೆ ಬಂದಾಗ ಇವರು ನಿದ್ದೆ ಹೋಗಿದ್ದರು, ಮುಖ ಕಂಡಿಯಲ್ಲಿ. ಅತ್ತೆ ಇನ್ನೂ ಅವರ ಹೆಗಲ ಮೇಲೆ ಒಂದು ಕೈ ಇಟ್ಟೇ ಕೂತಿದ್ದರು. ಕೈ ತೆಗೆಯಲು ಹೋದರೆ ಬೆರಳು ಮರಗಟ್ಟಿ ಬಿಚ್ಚಿಕೊಳ್ಳಲಿಲ್ಲ. ನಾನು ಒಂದೊಂದಾಗಿ ಬಿಡಿಸಿದೆ.

"ಎದ್ದಿದ್ರೇನ್ರಿ?" ಎಂದೆ, ಪಿಸುದನಿಯಲ್ಲಿ.

"ತಲಿ ಎತ್ತಿದ್ದ," ಎಂದರು. "ನನ್ನ ಮುಖ ನೋಡಿದ. ಪಟ್ಟಿ ಕಟ್ಟಿದ್ರೂ ನೋಡಿದಂಗಾತು. ನೀನು ಒದರಿದ ಮ್ಯಾಲ ಮಲಗಿದ." ಬೆರಳು ತಿಕ್ಕಿಕೊಳ್ಳುತ್ತ, "ಅಲ್ಲವಾ, ಆ ಗದ್ವಾಲದವ ಮಾಡಿದ್ದರಾಗ ತಪ್ಪೇನೈತಿ? ಖಾಲಿ ಫಣಿ ಯಾರು ಬಿಡತಾರ?" ಎಂದರು.

ಆಮೇಲಿನ ದಿನಗಳು ಅದಕ್ಕಿಂತ ಕಷ್ಟ. ಸರ್ವರುಗಳು ಮೂರೂ ನಡೆಯುತ್ತಿದ್ದವು. ಸಂಘದ ಫೋನು ನಿಂತಿತ್ತು. ಮಾಡಲು ಏನೂ ಉಳಿದಿರಲಿಲ್ಲ, ಕಾಯುವುದೊಂದೇ. ಪಟ್ಟಿಯ ಮೇಲೆ ಹಳದಿ ಕಲೆ ಕಂಡರೆ ಎದೆ ಧಸಕ್ಕೆನ್ನುತ್ತಿತ್ತು. ನೋಡಿದರೆ ಅದು ಅನ್ನದ ಸಾರು. ಇವರು ತಾವಾಗಿ ಆ ದಿನದ ಮಾತು ಎತ್ತಲಿಲ್ಲ. ಒಂದು ಸಲ ಮಾತ್ರ, ನಾನು ಮಂಚದ ಕೆಳಗೆ ಸರಿದು ತುತ್ತು ಕೊಡುತ್ತಿದ್ದಾಗ, "ಅವತ್ತು ಎದ್ದೆ ಅಂತ ಸಿಟ್ಟೇನು?" ಎಂದರು. ಬಾಯಿಗೆ ತುತ್ತಿಟ್ಟೆ.

ಹೈದರಾಬಾದಿಗೆ ಹೋಗುವಾಗ ಕಾರಿನ ಹಿಂದಿನ ಸೀಟಿನಲ್ಲಿ ಅವರ ಮುಖ ನನ್ನ ತೊಡೆಯ ಮೇಲೆ. ಡಾಕ್ಟರು ಪಟ್ಟಿ ಬಿಚ್ಚಿ, ದೀಪ ಹಿಡಿದು ನೋಡಿದರು. ಬಹಳ ಹೊತ್ತು ನೋಡಿದರು. ನಾನು ಅವರ ಪೆನ್ನನ್ನೇ ನೋಡುತ್ತಿದ್ದೆ. ಅದರ ಮುಚ್ಚಳ ತೆರೆದಿತ್ತು. "ಅಂಟಿದೆ," ಎಂದರು. ನಾನು ಮತ್ತೊಂದು ಸಲ ಕೇಳಿದೆ. ಮತ್ತೊಂದು ಸಲ ಹೇಳಿದರು.

ಇನ್ನು ಕೂತಾಗ ತಲೆ ಎತ್ತಬಹುದು, ಅಂಗಾತ ಮಾತ್ರ ಈಗಲೇ ಮಲಗಬಾರದು ಎಂದು ಹೇಳಿ, ಇವರ ಮುಖವನ್ನು ನನ್ನ ಕಡೆ ತಿರುಗಿಸಿ ಏನು ಕಾಣುತ್ತದೆ ಎಂದು ಕೇಳಿದರು. ಗುಳ್ಳೆ ಇನ್ನೂ ಕರಗಿರಲಿಲ್ಲ. "ಕೆಳಗೆಲ್ಲಾ ಬಿಂದಿಗ್ಯಾಗ ನೀರು ಕುಲುಕಿದಂಗ," ಎಂದರು ಇವರು. "ಮ್ಯಾಲ ಮಾತ್ರ ಈಕಿ ಹಣಿ ಕಾಣತೈತಿ. ಕುಂಕುಮ ಜರಾ ಸೊಟ್ಟ ಹತ್ತೈತಿ." ನಾನು ಬೆರಳಿನಿಂದ ತಡವಿಕೊಂಡೆ. ಸೊಟ್ಟಗಿತ್ತು.

ಆಮೇಲೆ ಆ ನೀರು ದಿನದಿನಕ್ಕೆ ಇಳಿಯಿತು. ಒಂದು ದಿನ ನನ್ನ ಹುಬ್ಬು ಕಂಡಿತು, ಇನ್ನೊಂದು ದಿನ ಮೂಗು. ನನ್ನ ಗದ್ದ ಕಂಡ ಬೆಳಿಗ್ಗೆ ಅತ್ತೆ ಇನ್ನು ಮಂಚ ಬಿಗಿಯಲೇ ಎಂದು ಕೇಳಿದರು. "ಡಾಕ್ಟರು ಹೇಳಲಿ ತಡೀರಿ," ಎಂದೆ. ಪೂರ್ತಿ ಕರಗಿ, ಅಂಗಾತ ಮಲಗಬಹುದು ಎಂದು ಅವರು ಹೇಳಿದ ಮೇಲೆಯೇ ಅತ್ತೆ ಅಂಚಿನ ಹೊಲಿಗೆ ಬಿಚ್ಚಿ, ಸರಿಸಿದ್ದ ಪಟ್ಟಿಗಳನ್ನು ಎಳೆದು ಬಿಗಿದದ್ದು. ಬಿಚ್ಚಿದ ಸೀರೆಯ ತುಂಡನ್ನು ಮಡಿಸಿ ಅಟ್ಟಕ್ಕೆ ಹಾಕಿದರು.

ಇವರು ಮೊದಲ ಸಲ ಬೆನ್ನು ಊರಿ ಮಲಗಿದರು. ನಾವಿಬ್ಬರೂ ಮಂಚದ ಆಚೀಚೆ ನಿಂತು ನೋಡುತ್ತಿದ್ದೆವು. ಇವರು ಬಹಳ ಹೊತ್ತು ಮೇಲೆ ನೋಡಿದರು, ಬಲಗಣ್ಣಿನಿಂದ, ಎಡಗಣ್ಣು ಮುಚ್ಚಿಕೊಂಡು.

"ಏನು ಕಾಣತೈತ್ರಿ?" ಎಂದೆ.

"ಫ್ಯಾನು," ಎಂದರು. "ರೆಕ್ಕಿ ಮ್ಯಾಲ ಎಷ್ಟು ಧೂಳು ಹಿಡದೈತಿ ನೋಡು."

ನಾನೂ ಅತ್ತೆಯೂ ತಲೆ ಎತ್ತಿ ನೋಡಿದೆವು. ಹಿಡಿದಿತ್ತು. ಅಷ್ಟು ದಿನವೂ ಆ ಮನೆಯಲ್ಲಿ ಯಾರೂ ಮೇಲೆ ನೋಡಿರಲಿಲ್ಲ.